ಎಕ್ಸ್‌ಸಿಸೋರ್: ಏರ್‌ಫೀಲ್ಡಿನ ನೆತ್ತಿ ಬಿಟ್ಟು ಕದಲದ ಪೈಲಟ್‌ಗಳಿಗೆ ಒಂದು ಪುಕ್ಕಟೆ ಆ್ಯಪ್

ಯಾವ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಕ್ಲಬ್ಬಿಗೆ ಹೋದರೂ ಒಂದು ಬಗೆಯ ಪೈಲಟ್ ಸಿಕ್ಕೇ ಸಿಗುತ್ತಾರೆ. ಸೋಲೊ (ಒಬ್ಬರೇ ಹಾರುವುದು) ಆಗಿ ಎರಡು ಮೂರು ವರ್ಷ ಕಳೆದಿರುತ್ತದೆ, ಥರ್ಮಲ್ (ಮೇಲೇರುವ ಬಿಸಿಗಾಳಿ) ಹಿಡಿಯಲು ಬರುತ್ತದೆ, ಲ್ಯಾಂಡಿಂಗ್ ಅಚ್ಚುಕಟ್ಟು. ಆದರೂ ಮೋಡದ ಬುಡದ ತನಕ ಏರಿ, ಅಲ್ಲೇ ಗಿರಕಿ ಹೊಡೆದು, ಅದೇ ರನ್‌ವೇಗೆ ಇಳಿದು ಗ್ಲೈಡರನ್ನು ಹ್ಯಾಂಗರಿಗೆ ತಳ್ಳಿಬಿಡುತ್ತಾರೆ. ಗ್ಲೈಡಿಂಗ್ ಸಾಧನೆಗೆ ಕೊಡುವ ಸಿಲ್ವರ್ ಬ್ಯಾಡ್ಜಿಗೆ ಬೇಕಾದ 5 ಗಂಟೆ ಹಾರಾಟ ಆಗಿದೆ, 1000 ಮೀಟರ್ ಏರಿಕೆ ಆಗಿದೆ, 50 ಕಿ.ಮೀ. ದೂರ ಮಾತ್ರ ಬಾಕಿ. ಕೇಳಿದರೆ ‘ಹವೆ ಸರಿ ಇರಲಿಲ್ಲ’ ಅನ್ನುತ್ತಾರೆ. ನಿಜವಾದ ಅಡ್ಡಿ ಒಂದೇ ಪ್ರಶ್ನೆ: ಈಗ ತಿರುಗಿದರೆ ಮನೆ ಮುಟ್ಟುತ್ತೇನೆಯೇ? ಉತ್ತರ ಗೊತ್ತಿಲ್ಲದವರು ಹೊರಡುವುದಿಲ್ಲ. ಹೊರಡದಿರುವುದು ತಪ್ಪೂ ಅಲ್ಲ.

ಈ ಪ್ರಶ್ನೆಗೆ ಪ್ರತಿ ಸೆಕೆಂಡೂ ಉತ್ತರ ಕೊಡುತ್ತಿರುವುದೇ ಎಕ್ಸ್‌ಸಿಸೋರ್‌ನ ಕೆಲಸ. ಬ್ರಿಟನ್ನಿನಲ್ಲಿ ದುಡ್ಡಿಗೆ ಮಾರುತ್ತಿದ್ದ ಈ ತಂತ್ರಾಂಶವನ್ನು ಅದರ ಕರ್ತೃ 2004ರ ಕೊನೆಗೆ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಅಲ್ಲಿಂದ ಸ್ವಯಂಸೇವಕರು ಬೆಳೆಸುತ್ತ ಬಂದಿದ್ದಾರೆ. ಆಂಡ್ರಾಯ್ಡ್ ಫೋನ್, ಲಿನಕ್ಸ್, ಕೆಲವು ಕೋಬೊ ಇ-ರೀಡರ್, ಓಪನ್‌ವೇರಿಯೊ ಎಂಬ ಸ್ವಂತ ಜೋಡಣೆಯ ಪೆಟ್ಟಿಗೆ, ಎಲ್ಲದರಲ್ಲೂ ಓಡುತ್ತದೆ. ಜಾಹೀರಾತಿಲ್ಲ, ಚಂದಾ ಇಲ್ಲ. ಇದೇ ಕೆಲಸಕ್ಕೆಂದೇ ಮಾಡಿದ ಉಪಕರಣಗಳು ಸಾವಿರ ಯೂರೋ ಆಸುಪಾಸಿಗೆ ಹೋಗುತ್ತವೆ. ಮೊದಲ 50 ಕಿ.ಮೀ. ಹಾರದವರಿಗೆ ಆ ಖರ್ಚು ಬೇಕಿಲ್ಲ. ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಫೋನ್ ಸಾಕು.

ಮೊದಲೇ ಹೇಳಿಬಿಡಬೇಕಾದ ದೂರು: ಮೆನು ಗಲಿಬಿಲಿ. ಹಾಕಿಕೊಂಡ ಹಾಗೇ ಹಾರಲು ಹೋದರೆ ಈ ಆ್ಯಪ್ ಅರ್ಧ ಸುಳ್ಳು ಹೇಳುತ್ತದೆ, ಅದೂ ಧೈರ್ಯವಾಗಿ. ಅದನ್ನು ನಿಜ ಹೇಳುವಂತೆ ಮಾಡಲು ಒಂದು ಸಂಜೆ ಕೂತು ಕೆಲವನ್ನು ತಿದ್ದಬೇಕು.

ಶುರು ‘ಪ್ಲೇನ್’ ಪುಟದಿಂದ. ಪಟ್ಟಿಯಲ್ಲಿ ನಿಮ್ಮ ಗ್ಲೈಡರಿನ ಪೋಲಾರ್ (ಯಾವ ವೇಗಕ್ಕೆ ಎಷ್ಟು ಇಳಿಯುತ್ತದೆಂಬ ಲೆಕ್ಕ) ಆರಿಸಿ. ಎಎಸ್‌ಕೆ 21 ಆದರೆ ಗ್ಲೈಡ್ (ಒಂದು ಮೀಟರ್ ಇಳಿಯುವಷ್ಟರಲ್ಲಿ ಮುಂದೆ ಸಾಗುವ ಮೀಟರ್) ಸುಮಾರು 34, ಎಲ್‌ಎಸ್4 ಆದರೆ 40. ಇವು ಹೊಸ ರೆಕ್ಕೆಯ, ಒರೆಸಿ ಮಿರುಗಿಸಿದ ಗ್ಲೈಡರಿನ ಅಂಕಿ. ಕ್ಲಬ್ ಗ್ಲೈಡರಿನ ಸೀಲ್ ಟೇಪು ಎದ್ದಿರುತ್ತದೆ, ರೆಕ್ಕೆಯ ಮುಂಬದಿಯಲ್ಲಿ ಹುಳುಗಳು ಅಂಟಿರುತ್ತವೆ. ‘ಸೇಫ್ಟಿ ಫ್ಯಾಕ್ಟರ್ಸ್’ ಪುಟದ ‘ಪೋಲಾರ್ ಡಿಗ್ರೆಡೇಶನ್’ನಲ್ಲಿ 10% ಹಾಕಿದರೆ 40ರ ಗ್ಲೈಡ್ ಸುಮಾರು 36ಕ್ಕೆ ಇಳಿಯುತ್ತದೆ. ಅದು ವಾಸ್ತವಕ್ಕೆ ಹತ್ತಿರ.

ಅದೇ ಪುಟದಲ್ಲಿ ‘ಅರೈವಲ್ ಹೈಟ್’ ಇದೆ. ಏರ್‌ಫೀಲ್ಡಿನ ಮೇಲೆ ಎಷ್ಟು ಎತ್ತರ ಉಳಿಸಿಕೊಂಡು ತಲುಪಬೇಕು ಎಂಬ ಅಂಕಿ ಇದು. 300 ಮೀಟರ್ ಇರಲಿ, ಹೊಸಬರು ಇನ್ನೂ 50 ಸೇರಿಸಿಕೊಂಡರೂ ಸರಿ. ಇಲ್ಲೊಂದು ಗೊಂದಲ ತಪ್ಪದೆ ಆಗುತ್ತದೆ. ನಕಾಶೆಯಲ್ಲಿ ಇಳಿದಾಣದ ಹೆಸರಿನ ಪಕ್ಕ ಒಂದು ಅಂಕಿ ಮೂಡುತ್ತದಲ್ಲ, ಅದು ಈ 300ನ್ನು ಕಳೆದು ಉಳಿದದ್ದು. ಪಕ್ಕದಲ್ಲಿ 50 ಎಂದಿದ್ದರೆ ನೀವು ಅಲ್ಲಿ ನೆಲದಿಂದ 350 ಮೀಟರ್ ಎತ್ತರದಲ್ಲಿ ತಲುಪುತ್ತೀರಿ. ಇದು ಗೊತ್ತಿಲ್ಲದವರು 50 ನೋಡಿ ಹೌಹಾರುತ್ತಾರೆ. ಗೊತ್ತಿದ್ದೂ ‘ಹೇಗೂ ಒಳಗೆ 300 ಅಡಗಿದೆ’ ಎಂದು ಅದನ್ನು ಖರ್ಚು ಮಾಡಲು ಶುರುಮಾಡುವವರು ಇನ್ನೂ ಅಪಾಯ. ಆ 300 ಸರ್ಕ್ಯೂಟಿಗೆಂದು (ಇಳಿಯುವ ಮೊದಲು ರನ್‌ವೇ ಪಕ್ಕ ಹಾಕುವ ಸುತ್ತು) ತೆಗೆದಿಟ್ಟದ್ದು, ಅದರ ಮೇಲೆ ಕಣ್ಣು ಹಾಕಬಾರದು.

ಮೂರನೆಯದು ಮೆಕ್‌ಕ್ರೆಡಿ ಅಂಕಿ, ಪರದೆಯಲ್ಲಿ ಎಂಸಿ. ಮುಂದಿನ ಥರ್ಮಲ್ ಸೆಕೆಂಡಿಗೆ ಎಷ್ಟು ಮೀಟರ್ ಎತ್ತುತ್ತದೆಂಬ ನಿರೀಕ್ಷೆ ಅದು. ಎಂಸಿ ಸೊನ್ನೆ ಇಟ್ಟರೆ ಆ್ಯಪ್ ಅತಿ ಉತ್ತಮ ಗ್ಲೈಡಿನ ವೇಗ ಹಿಡಿದು ಲೆಕ್ಕ ಹಾಕುತ್ತದೆ. ಊರೆಲ್ಲ ಕೈಗೆಟುಕುವಂತೆ ಹಸಿರಾಗಿ ಕಾಣುತ್ತದೆ. ದಾರಿಯಲ್ಲಿ ಒಂದೇ ಒಂದು ಸಿಂಕ್ (ಕೆಳಗಿಳಿಯುವ ಗಾಳಿ) ಸಿಕ್ಕರೂ ಆ ಹಸಿರು ಮಾಯ. ಮೊದಲ ಕ್ರಾಸ್‌ಕಂಟ್ರಿಗಳಲ್ಲಿ (ಮನೆಯ ಏರ್‌ಫೀಲ್ಡ್ ಬಿಟ್ಟು ದೂರ ಹೋಗುವ ಹಾರಾಟ) ಎಂಸಿ 1ರಲ್ಲಿಟ್ಟು, ಆ್ಯಪ್ ಹೇಳುವಷ್ಟೇ ವೇಗದಲ್ಲಿ ಹಾರಬೇಕೆಂಬ ಹಟ ಬಿಟ್ಟು ತುಸು ನಿಧಾನವಾಗಿ ಹಾರುವುದು ಒಳ್ಳೆಯದು. ‘ಸೇಫ್ಟಿ ಎಂಸಿ’ ಎಂದು ಬೇರೆಯೇ ಒಂದು ಅಂಕಿ ಇದೆ. ‘ರೂಟ್’ ಪುಟದಲ್ಲಿ ರೀಚ್ (ಎಲ್ಲಿಯ ತನಕ ಮುಟ್ಟಬಹುದು) ಲೆಕ್ಕಕ್ಕೆ ಆ ಸೇಫ್ಟಿ ಎಂಸಿಯನ್ನೇ ಆರಿಸಿಟ್ಟರೆ, ರೇಸಿಗೆಂದು ಎಂಸಿ ಎಷ್ಟು ತಿರುಚಿದರೂ ತಪ್ಪಿಸಿಕೊಳ್ಳುವ ದಾರಿಯ ಲೆಕ್ಕ ಕದಲುವುದಿಲ್ಲ.

ಈ ಆ್ಯಪ್‌ನ ಅತ್ಯುತ್ತಮ ಗುಣ ಆ ರೀಚ್. ‘ರೀಚ್ ಮೋಡ್’ ಅನ್ನು ‘ಟರ್ನಿಂಗ್’ಗೆ ಹಾಕಿ. ಈಗಿನ ಎತ್ತರ, ಗಾಳಿ, ಪೋಲಾರ್, ಗುಡ್ಡಬೆಟ್ಟಗಳ ಎತ್ತರ ಎಲ್ಲವನ್ನೂ ಕೂಡಿಸಿ, ನೀವು ಮುಟ್ಟಬಹುದಾದ ನೆಲಕ್ಕೆ ಸುತ್ತ ಒಂದು ಗೆರೆ ಎಳೆಯುತ್ತದೆ. ಗುಡ್ಡದ ಹಿಂದಿರುವ ಊರಿಗೆ ನೇರ ಹೋಗಲಾಗದಿದ್ದರೆ ಸುತ್ತಿ ಹೋಗುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಾಳಿಗೆ ಎದುರು ಬದಿ ಈ ಗೆರೆ ಒಳಸರಿದಿರುತ್ತದೆ, ಗಾಳಿಯ ಜತೆ ಹೋಗುವ ಬದಿ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಒಮ್ಮೆ ಇದನ್ನು ಕಣ್ಣಾರೆ ಕಂಡವರಿಗೆ ‘ಗಾಳಿಗೆ ಎದುರಾಗಿ ಮೊದಲು ಹೋಗು, ಬರುವಾಗ ಗಾಳಿ ತಳ್ಳಲಿ’ ಎಂಬ ಇನ್‌ಸ್ಟ್ರಕ್ಟರ್ ಮಾತು ಮತ್ತೆ ವಿವರಿಸಬೇಕಾಗುವುದಿಲ್ಲ. ಹೊಸಬರಿಗೆ ಕೊಡಬಹುದಾದ ನಿಯಮ ಕೂಡ ಇಷ್ಟೇ: ಇಳಿಯಬಹುದಾದ ಒಂದಾದರೂ ಜಾಗ ಆ ಗೆರೆಯ ಒಳಗಿರುವಷ್ಟು ಕಾಲ ಮುಂದಕ್ಕೆ ಹೋಗು.

ಆ ನಿಯಮವನ್ನು ಆ್ಯಪ್ ಇಲ್ಲದೆಯೂ ಹಾಕಿ ನೋಡಬಹುದು, ನೋಡಲೇಬೇಕು. ಎಎಸ್‌ಕೆ 21ರಲ್ಲಿ ಮನೆಯಿಂದ 20 ಕಿ.ಮೀ. ದೂರ ಇದ್ದೀರಿ. 34ರ ಗ್ಲೈಡಿಗೆ 590 ಮೀಟರ್ ಬೇಕು, ಸರ್ಕ್ಯೂಟಿನ 300 ಸೇರಿ 890. ಗಂಟೆಗೆ 90 ಕಿ.ಮೀ. ವೇಗದಲ್ಲಿ ಹಾರುವಾಗ ಎದುರಿಗೆ 20 ಕಿ.ಮೀ. ಗಾಳಿ ಇದ್ದರೆ ನೆಲದ ಮೇಲಿನ ಗ್ಲೈಡ್ 26ಕ್ಕೆ ಕುಸಿದು ಬೇಕಾದ ಎತ್ತರ 1050 ದಾಟುತ್ತದೆ. ಸಿಂಕ್ ಇದ್ದೇ ಇರುತ್ತದೆಂದು ಗ್ಲೈಡನ್ನು ಅರ್ಧಕ್ಕೆ, ಅಂದರೆ 17ಕ್ಕೆ, ಇಳಿಸಿದರೆ 1480 ಬರುತ್ತದೆ. ಮೊದಲ ವರ್ಷ ಈ ಕೊನೆಯ ಅಂಕಿಗೇ ಅಂಟಿಕೊಂಡು ಹಾರುವುದು ಕ್ಷೇಮ. ತಲೆಯೊಳಗಿನ ಅಂಕಿಗೂ ಪರದೆಯ ಅಂಕಿಗೂ ನೂರಾರು ಮೀಟರ್ ಅಂತರ ಬಂದರೆ ಎರಡರಲ್ಲಿ ಒಂದು ಕೆಟ್ಟಿದೆ ಎಂದು ಅರ್ಥ. ಸಾಮಾನ್ಯವಾಗಿ ಕೆಟ್ಟಿರುವುದು ಗಾಳಿ: ವೃತ್ತ ಸುತ್ತುವಾಗ ಗ್ಲೈಡರ್ ಪಕ್ಕಕ್ಕೆ ಎಷ್ಟು ಸರಿಯಿತು ಎಂಬುದರಿಂದ ಆ್ಯಪ್ ಗಾಳಿಯನ್ನು ಅಂದಾಜಿಸುತ್ತದೆ, ಆದ್ದರಿಂದ ಕೊನೆಯ ಥರ್ಮಲ್ ಬಿಟ್ಟು ಅರ್ಧ ಗಂಟೆ ನೇರ ಹಾರಿದ್ದರೆ ಅದು ಹೇಳುತ್ತಿರುವುದು ಹಳೆಯ ಗಾಳಿ. ಹಾರುವ ಮೊದಲೇ ಮುನ್ಸೂಚನೆಯ ಗಾಳಿಯನ್ನು ಕೈಯಾರೆ ತುಂಬಿಡಿ.

ಇನ್ನು ಎತ್ತರ. ಫೋನಿನ ಜಿಪಿಎಸ್ ಅಳೆಯುವುದು ಡಬ್ಲ್ಯುಜಿಎಸ್84 ಎಂಬ ಗಣಿತದ ದೀರ್ಘಗೋಳದಿಂದ, ಸಮುದ್ರಮಟ್ಟದಿಂದ ಅಲ್ಲ. ಬ್ರಿಟನ್, ಜರ್ಮನಿಗಳಲ್ಲಿ ಸಮುದ್ರಮಟ್ಟ ಆ ಗೋಳಕ್ಕಿಂತ 45–50 ಮೀಟರ್ ಮೇಲಿದೆ, ಹಾಗಾಗಿ ತಿದ್ದದ ಅಂಕಿ ನಿಮ್ಮನ್ನು ಇರುವುದಕ್ಕಿಂತ ಎತ್ತರದಲ್ಲಿದ್ದೀರಿ ಎಂದು ನಂಬಿಸುತ್ತದೆ. ದಕ್ಷಿಣ ಭಾರತದಲ್ಲಿ ತಿರುಗುಮುರುಗು. ಬೆಂಗಳೂರಿನ ಸಮುದ್ರಮಟ್ಟದ ಮೇಲ್ಮೈ ಆ ಗೋಳಕ್ಕಿಂತ ಸುಮಾರು 85 ಮೀಟರ್ ಕೆಳಗಿದೆ, 920 ಮೀಟರ್ ಎತ್ತರದ ಜಾಗದಲ್ಲಿ ನಿಂತರೆ ತಿದ್ದದ ಜಿಪಿಎಸ್ 835ರ ಆಸುಪಾಸು ತೋರಿಸುತ್ತದೆ. ಎಕ್ಸ್‌ಸಿಸೋರ್ ಈ ವ್ಯತ್ಯಾಸ ತಾನೇ ತಿದ್ದಿಕೊಳ್ಳುತ್ತದೆ. ಹೊರಗಿನ ಜಿಪಿಎಸ್ ಪೆಟ್ಟಿಗೆಯನ್ನು ಜೋಡಿಸಿದಾಗ ಮಾತ್ರ ಅದೂ ತಿದ್ದಿ ಕಳಿಸುತ್ತಿದೆಯೇ ಇಲ್ಲವೇ ನೋಡಬೇಕು. ಪರೀಕ್ಷೆ ಸುಲಭ: ಹಾರುವ ಮೊದಲು ರನ್‌ವೇ ಪಕ್ಕ ನಿಂತು ಪರದೆಯ ಎತ್ತರವನ್ನು ಏರ್‌ಫೀಲ್ಡಿನ ಎತ್ತರಕ್ಕೆ ಹೋಲಿಸಿ. ಹತ್ತು ಹದಿನೈದು ಮೀಟರ್ ಹೆಚ್ಚುಕಡಿಮೆ ಪರವಾಗಿಲ್ಲ.

ವೇಪಾಯಿಂಟ್ (ದಾರಿಯ ಬಿಂದು, ಇಳಿದಾಣ) ಫೈಲಿನಲ್ಲೂ ಎಡವಿ ಬೀಳುವ ಇಂಥದೇ ಒಂದು ಹಳ್ಳ ಇದೆ. .ಕಪ್ ಫೈಲು ಮೂಲತಃ ಅಲ್ಪವಿರಾಮ ಹಾಕಿ ಬರೆದ ಪಟ್ಟಿ. ಪ್ರತಿ ಸಾಲಿನಲ್ಲಿ ಹೆಸರು, ಅಕ್ಷಾಂಶ, ರೇಖಾಂಶ, ಎತ್ತರ, ಬಗೆ. ಬಗೆಯ ಅಂಕಿ 2 ಆದರೆ ಹುಲ್ಲಿನ ರನ್‌ವೇ, 3 ಆದರೆ ಹೊರಗೆ ಇಳಿಯಬಹುದಾದ ಹೊಲ, 4 ಗ್ಲೈಡರ್ ತಾಣ, 5 ಗಟ್ಟಿ ರನ್‌ವೇ. ಯಾರೋ ಆತುರದಲ್ಲಿ ಎತ್ತರದ ಜಾಗದಲ್ಲಿ ‘0ಮೀ’ ತುಂಬಿದ್ದರೆ, ಬೆಂಗಳೂರಿನ ಪ್ರಸ್ಥಭೂಮಿಯಂಥ ಕಡೆ ಆ್ಯಪ್ ನಿಮಗೆ 900 ಮೀಟರ್ ಇಲ್ಲದ ಎತ್ತರ ದಾನ ಮಾಡುತ್ತದೆ. ಅಡಿಯಲ್ಲಿ ಬರೆಯಬೇಕಾದದ್ದನ್ನು ಮೀಟರ್ ಎಂದು ಬರೆದಿದ್ದರೆ ತದ್ವಿರುದ್ಧ. ನಿಮ್ಮ ದಾರಿಯ ಹತ್ತಿಪ್ಪತ್ತು ಸಾಲುಗಳನ್ನಾದರೂ ಕಣ್ಣಿಟ್ಟು ಓದಿ. ಬಗೆ 3 ಎಂದು ಹಾಕಿದ ಹೊಲದಲ್ಲಿ ಈ ವರ್ಷ ಎದೆಯೆತ್ತರದ ಜೋಳ ನಿಂತಿರಬಹುದು, ಅದು ಯಾವ ಫೈಲಿಗೂ ಗೊತ್ತಿರುವುದಿಲ್ಲ. ಹೊಲ ಆರಿಸುವ ವಿದ್ಯೆಯನ್ನು ಆ್ಯಪ್ ಕಲಿಸುವುದಿಲ್ಲ. ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಮಾಡುವ ಹಾಗೆ ಮೋಟಾರ್ ಗ್ಲೈಡರಿನಲ್ಲಿ ಇನ್‌ಸ್ಟ್ರಕ್ಟರ್ ಜತೆ ಕೂತು, ಹೊಲದ ಮೇಲೆ ಅಪ್ರೋಚ್ ಮಾಡಿ ಮಾಡಿ ಕಲಿಯಬೇಕು. ಆ ತರಬೇತಿ ಇಲ್ಲದವರ ಕೈಗೆ ಈ ಆ್ಯಪ್ ಕೊಟ್ಟು ಕಳಿಸುವ ಕ್ಲಬ್ಬು ತಪ್ಪು ಮಾಡುತ್ತಿದೆ.

ಫೋನನ್ನು ಕೂರಿಸುವುದರಲ್ಲಿ ಬಹಳ ಮಂದಿ ಎಡವುತ್ತಾರೆ. ಕ್ಯಾನೊಪಿಯ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ) ಕೆಳಗೆ ಬಿಸಿಲಲ್ಲಿ, ಪೂರ್ತಿ ಬ್ರೈಟ್‌ನೆಸ್ಸಿನಲ್ಲಿ, ಚಾರ್ಜಿಗೂ ಹಾಕಿದ ಫೋನ್ ಕಾದ ಹಂಚು. ಮೊದಲು ಚಾರ್ಜ್ ಆಗುವುದು ನಿಲ್ಲುತ್ತದೆ, ಆಮೇಲೆ ಪರದೆ ಮಂಕಾಗುತ್ತದೆ, ಕೊನೆಗೆ ಫೋನೇ ಆಫ್, ಅದೂ ಫೈನಲ್ ಗ್ಲೈಡಿನ ನಡುವೆ. ಹಿಂಬದಿಯ ರಬ್ಬರ್ ಕವರ್ ತೆಗೆಯಿರಿ, ವೆಂಟಿಲೇಟರಿನ ಗಾಳಿ ತಾಗುವ ಕಡೆ ಇಡಿ. ದಿಕ್ಸೂಚಿಯ ಪಕ್ಕ ಬೇಡ, ಹೋಲ್ಡರಿನ ಅಯಸ್ಕಾಂತ ಅದನ್ನು ಕೆಡಿಸುತ್ತದೆ. ಕ್ಯಾನೊಪಿ ಕಿತ್ತೆಸೆಯುವ ಹಿಡಿಗೆ ವೈರು ಸುತ್ತಿಕೊಳ್ಳದಂತೆ ನೋಡಿಕೊಳ್ಳಿ. ಕರೆಂಟಿನ ಲೆಕ್ಕ: 5 ವೋಲ್ಟಿನಲ್ಲಿ 1 ಆಂಪ್ ಎಳೆಯುವ ಫೋನಿಗೆ 12 ವೋಲ್ಟ್ ಬ್ಯಾಟರಿಯಿಂದ, ಪರಿವರ್ತಕದ ನಷ್ಟ ಸೇರಿ, ಅರ್ಧ ಆಂಪ್ ಹೋಗುತ್ತದೆ. 5 ಗಂಟೆಗೆ 2.5 ಆಂಪ್‌ಅವರ್. ಗ್ಲೈಡರುಗಳಲ್ಲಿ ಸಾಮಾನ್ಯವಾಗಿರುವ 7 ಆಂಪ್‌ಅವರ್ ಬ್ಯಾಟರಿಯಲ್ಲಿ ರೇಡಿಯೊ, ವೇರಿಯೊ (ಏರಿಳಿತದ ಮಾಪಕ), ಫ್ಲಾರ್ಮ್ (ಡಿಕ್ಕಿಯ ಎಚ್ಚರಿಕೆ ಕೊಡುವ ಪೆಟ್ಟಿಗೆ) ಎಲ್ಲಕ್ಕೂ ಪಾಲಿದೆ. ಬ್ಯಾಟರಿ ಹಳೆಯದಾದರೆ ಫೋನಿಗೆ ಪ್ರತ್ಯೇಕ ಪವರ್‌ಬ್ಯಾಂಕ್ ಇಡಿ. ಆಂಡ್ರಾಯ್ಡಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಎಕ್ಸ್‌ಸಿಸೋರನ್ನು ಹೊರಗಿಡಿ, ಇಲ್ಲದಿದ್ದರೆ ಒಂದು ಫೋನ್ ಕರೆ ಬಂದು ಹೋಗುವಷ್ಟರಲ್ಲಿ ಹಾರಾಟದ ದಾಖಲೆ ತುಂಡಾಗಿರುತ್ತದೆ. ಬಿಸಿಲಲ್ಲಿ ಓದಲು ಕೋಬೊ ಇ-ರೀಡರೇ ಮೇಲು, ಆದರೆ ಅದರೊಳಗೆ ಜಿಪಿಎಸ್ ಇಲ್ಲ, ಹೊರಗಿನಿಂದ ಜೋಡಿಸಬೇಕು. ಸೋಲ್ಡರಿಂಗ್ ಬಾರದವರು ಆ ದಾರಿ ಹಿಡಿಯದಿರುವುದೇ ಲೇಸು.

ಹೊರಡುವ ಮೊದಲು ಮನೆಯಲ್ಲಿ ಅಭ್ಯಾಸ. ಆ್ಯಪ್ ತೆರೆದಾಗ ‘ಫ್ಲೈ’, ‘ಸಿಮ್’ ಎಂದು ಎರಡು ಗುಂಡಿ ಬರುತ್ತವೆ. ಸಿಮ್ ಒತ್ತಿ ನಕಾಶೆಯ ಮೇಲೆ ಬೆರಳೆಳೆದರೆ ದಿಕ್ಕು ವೇಗ ಬದಲಾಗುತ್ತವೆ, ಎತ್ತರದ ಇನ್ಫೊಬಾಕ್ಸ್ (ಅಂಕಿ ತೋರಿಸುವ ಚೌಕ) ಮುಟ್ಟಿ ಎತ್ತರ ಏರಿಸಿ ಇಳಿಸಬಹುದು. ಎಂಸಿ ಬದಲಿಸುವುದು, ಮುಂದಿನ ವೇಪಾಯಿಂಟಿಗೆ ಹೋಗುವುದು, ಹತ್ತಿರದ ಇಳಿದಾಣಗಳ ಪಟ್ಟಿ ತೆರೆಯುವುದು, ಈ ಮೂರು ಕಣ್ಣು ಮುಚ್ಚಿ ಬರಬೇಕು. ಮಿಕ್ಕಿದ್ದೆಲ್ಲ ನೆಲದ ಮೇಲಿನ ಕೆಲಸ. ಕಾಂಡೋರ್ ಸಿಮ್ಯುಲೇಟರ್ ಇರುವವರು ಅದನ್ನು ಕಂಪ್ಯೂಟರಿನಿಂದ ಎಕ್ಸ್‌ಸಿಸೋರ್‌ಗೆ ಜೋಡಿಸಿ ಇಡೀ ಟಾಸ್ಕ್ (ಮೊದಲೇ ಗೊತ್ತುಮಾಡಿದ ದಾರಿ) ಹಾರಬಹುದು; ಅದಕ್ಕೆಂದೇ ಡ್ರೈವರ್ ಒಳಗಿದೆ. ಥರ್ಮಲಿನಲ್ಲಿ ಆರು ಗ್ಲೈಡರುಗಳ ನಡುವೆ ಸುತ್ತುತ್ತ ಮೆನು ಹುಡುಕುವವರು ಅಕ್ಕಪಕ್ಕದವರ ಪ್ರಾಣಕ್ಕೂ ಸಂಚಕಾರ ತರುತ್ತಾರೆ. ಫ್ಲಾರ್ಮ್ ಜೋಡಿಸಿದರೆ ಸುತ್ತಲಿನ ಗ್ಲೈಡರುಗಳು ಪರದೆಯಲ್ಲಿ ಕಾಣುತ್ತವೆ ಎನ್ನುವುದು ನಿಜ, ಆದರೆ ಫ್ಲಾರ್ಮ್ ಇಲ್ಲದ ಎಷ್ಟೋ ವಿಮಾನ ಕಾಣುವುದಿಲ್ಲ, ಹಾಗಾಗಿ ಕಣ್ಣು ಹೊರಗೇ ಇರಲಿ.

ಮೊದಲ ಟಾಸ್ಕ್ 50 ಕಿ.ಮೀ. ನೇರ ಆಗಬೇಕಿಲ್ಲ. ಮನೆಯಿಂದ 8–10 ಕಿ.ಮೀ. ಒಳಗೇ ಮೂರು ಬಿಂದು ಇಟ್ಟು, ಎರಡು ಸುತ್ತು ಹಾಕಿಸಿ ಒಟ್ಟು 60–70 ಕಿ.ಮೀ. ಮಾಡಿಸುವ ಕ್ಲಬ್ಬುಗಳು ಜಾಣ ಕ್ಲಬ್ಬುಗಳು. ಪೈಲಟ್ ಎಲ್ಲೂ ಗ್ಲೈಡ್ ಮೀರಿ ಹೋಗುವುದಿಲ್ಲ, ಆದರೂ ಥರ್ಮಲ್ ಬಿಟ್ಟು ಹೊರಡುವುದು, ಮುಂದಿನ ಮೋಡ ಆರಿಸುವುದು, ಬಿಂದು ಮುಟ್ಟಿ ತಿರುಗುವುದು ಎಲ್ಲ ನಡೆಯುತ್ತದೆ. ಕೆಳಗಿಳಿದಾಗ ಸರಾಸರಿ ವೇಗವೂ ಕೈಲಿರುತ್ತದೆ. ವಾರ ವಾರ ಆ ಅಂಕಿ ಏರುವುದನ್ನು ನೋಡಿದವರಿಗೆ ಸ್ಪರ್ಧೆಯ ರುಚಿ ತಾನಾಗಿ ಹತ್ತುತ್ತದೆ.

ಸಿಲ್ವರ್ ದೂರಕ್ಕೆ ಹೊರಟಾಗ ಒಂದು ಲೆಕ್ಕ ಮಾತ್ರ ಕಾಗದದ ಮೇಲೆ ಹಾಕಿ. 100 ಕಿ.ಮೀ.ಗಿಂತ ಕಡಿಮೆ ದೂರಕ್ಕೆ, ಹೊರಟ ಎತ್ತರಕ್ಕೂ ಮುಗಿಸಿದ ಎತ್ತರಕ್ಕೂ ಇರುವ ಅಂತರ ದೂರದ 1% ಮೀರಬಾರದು. 52 ಕಿ.ಮೀ. ಆದರೆ 520 ಮೀಟರ್. ಏರೋಟೋದಲ್ಲಿ (ವಿಮಾನ ಎಳೆದು ಮೇಲೇರಿಸುವಾಗ) 600 ಮೀಟರಿಗೆ ಬಿಡಿಸಿಕೊಂಡು ಮನೆಯಷ್ಟೇ ಎತ್ತರದ ನೆಲಕ್ಕೆ ಇಳಿದರೆ ಬ್ಯಾಡ್ಜ್ ಹೋಯಿತು. ಇಳಿಯುವ ಊರು ಮನೆಗಿಂತ 150 ಮೀಟರ್ ತಗ್ಗಿನಲ್ಲಿದ್ದರೆ 370ಕ್ಕಿಂತ ಮೇಲೆ ಬಿಡಿಸಿಕೊಳ್ಳುವ ಹಾಗೇ ಇಲ್ಲ. ಎಕ್ಸ್‌ಸಿಸೋರ್ ಪ್ರತಿ ಹಾರಾಟಕ್ಕೂ ಐಜಿಸಿ (ಅಂತರರಾಷ್ಟ್ರೀಯ ಗ್ಲೈಡಿಂಗ್ ಆಯೋಗ) ನಮೂನೆಯ ದಾಖಲೆಯ ಫೈಲ್ ಬರೆಯುತ್ತದೆ ನಿಜ, ಆದರೂ ಬ್ಯಾಡ್ಜ್ ಅರ್ಜಿಗೆ ಫೋನಿನ ಫೈಲನ್ನೇ ನಂಬಿ ಕೂರಬೇಡಿ. ಐಜಿಸಿ ಮಾನ್ಯತೆಯ ರೆಕಾರ್ಡರ್ ಜತೆಗಿರಲಿ. ಎಷ್ಟೋ ಫ್ಲಾರ್ಮ್ ಪೆಟ್ಟಿಗೆಗಳಲ್ಲಿ ಅದು ಇದ್ದೇ ಇರುತ್ತದೆ. ಹೊರಡುವ ಮೊದಲೇ ಅಫಿಷಿಯಲ್ ಅಬ್ಸರ್ವರನ್ನು (ಸಾಧನೆಗೆ ಸಾಕ್ಷಿ ಹಾಕುವವರು) ಕಂಡು ಮಾತಾಡಿ.

ಸ್ಪರ್ಧೆಗೆ ಬಂದರೆ, ಹೊಸಬರಿಗೆ ತಕ್ಕದ್ದು ಅಸೈನ್ಡ್ ಏರಿಯಾ ಟಾಸ್ಕ್, ಎಎಟಿ. ನಿಗದಿಯಾದ ಬಿಂದುವಿನ ಬದಲು ದೊಡ್ಡ ವೃತ್ತಗಳು, ಜತೆಗೆ ಕನಿಷ್ಠ ಸಮಯ. ಹವೆ ಚೆನ್ನಾಗಿದ್ದರೆ ವೃತ್ತದ ಆಳಕ್ಕೆ ಹೋಗಿ, ಇಲ್ಲದಿದ್ದರೆ ಅಂಚು ಮುಟ್ಟಿ ತಿರುಗಿ. ಬೇಗ ಬಂದವರು ಸೋಲುತ್ತಾರೆ ಎನ್ನುವುದು ಹೊಸಬರ ತಲೆಗೆ ಬೇಗ ಇಳಿಯುವುದಿಲ್ಲ. ಕನಿಷ್ಠ 2 ಗಂಟೆಯ ಟಾಸ್ಕಿನಲ್ಲಿ 150 ಕಿ.ಮೀ. ಹಾರಿ 1 ಗಂಟೆ 45 ನಿಮಿಷಕ್ಕೇ ಬಂದರೆ ನಿಮ್ಮ ನಿಜ ವೇಗ 86 ಕಿ.ಮೀ. ಆದರೂ ಎಣಿಸುವುದು 150 ಭಾಗಿಸು 2, ಅಂದರೆ 75. ಎಕ್ಸ್‌ಸಿಸೋರ್‌ನ ‘ಎಎಟಿ ಡೆಲ್ಟಾ ಟೈಮ್’ ಇನ್ಫೊಬಾಕ್ಸ್ ಇದಕ್ಕೇ ಇರುವುದು: ಸಮಯಕ್ಕಿಂತ ಎಷ್ಟು ಮುಂಚೆ ಅಥವಾ ತಡವಾಗಿ ತಲುಪುತ್ತೀರೆಂದು ಹೇಳುತ್ತದೆ. ಐದು ನಿಮಿಷ ತಡ ಎಂದು ತೋರುವಂತೆ ವೃತ್ತದೊಳಗಿನ ಟಾರ್ಗೆಟನ್ನು (ತಿರುಗುವ ಬಿಂದು) ಸರಿಸಿಕೊಳ್ಳುತ್ತ ಹೋದರೆ ಸಾಕು. ಈ ಪುಟ ದುಬಾರಿ ಪೆಟ್ಟಿಗೆಗಳಿಗೆ ಸರಿಸಮ. ಸ್ಟಾರ್ಟಿನ ವ್ಯವಸ್ಥೆ ಅಷ್ಟು ಚೆನ್ನಾಗಿಲ್ಲ. ‘ಆಟೊ’ದಲ್ಲಿಟ್ಟರೆ ಥರ್ಮಲಿನಲ್ಲಿ ಸುತ್ತುತ್ತ ಸ್ಟಾರ್ಟ್ ಗೆರೆ ದಾಟಿದಾಗ ಟಾಸ್ಕ್ ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ‘ಆರ್ಮ್ ಸ್ಟಾರ್ಟ್’ ಆರಿಸಿ, ನಿಜವಾಗಿ ಹೊರಡುವಾಗಷ್ಟೇ ಒತ್ತಿ. ಗರಿಷ್ಠ ಸ್ಟಾರ್ಟ್ ಎತ್ತರವನ್ನೂ ಅಂದಂದಿನ ಟಾಸ್ಕ್ ಶೀಟ್ ನೋಡಿ ತುಂಬಿಕೊಳ್ಳಿ, ಹೊಸಬರಿಗೆ ಮೊದಲ ದಿನದ ದಂಡ ಬೀಳುವುದು ಹೆಚ್ಚಾಗಿ ಅಲ್ಲೇ.

ಕ್ಲಬ್ಬಿನ ಮಟ್ಟದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಎಲ್ಲ ಸೆಟ್ಟಿಂಗೂ ಒಂದೇ ಪ್ರೊಫೈಲ್ ಫೈಲಿನಲ್ಲಿ ಕೂರುತ್ತದೆ. ಪಳಗಿದವರೊಬ್ಬರು ಕ್ಲಬ್ಬಿನ ಪ್ರತಿ ಗ್ಲೈಡರಿಗೂ ಒಂದೊಂದು ಪ್ರೊಫೈಲ್ ಮಾಡಿ, ತಿದ್ದಿದ ವೇಪಾಯಿಂಟ್ ಫೈಲು, ಹೊಸ ಏರ್‌ಸ್ಪೇಸ್ ಫೈಲು ಸೇರಿಸಿ ಹಂಚಿದರೆ ಆ ಗಲಿಬಿಲಿ ಮೆನುವಿನ ತಂಟೆಯೇ ಇಲ್ಲ. ಸಂಜೆ ಎಲ್ಲರ ಐಜಿಸಿ ಫೈಲುಗಳನ್ನು ವೀಗ್ಲೈಡ್ ಎಂಬ ಜಾಲತಾಣಕ್ಕೆ ಏರಿಸಿ (ಆ್ಯಪ್‌ನ ಒಳಗಿಂದಲೇ ಆಗುತ್ತದೆ) ಒಂದೇ ಪರದೆಯಲ್ಲಿ ಹೋಲಿಸಬಹುದು. ಪಳಗಿದವರ ಫೈಲನ್ನು ರೀಪ್ಲೇಗೆ ಹಾಕಿ ನೋಡಿದರೆ ಅವರು ಯಾವ ಎತ್ತರದಲ್ಲಿ ಥರ್ಮಲ್ ಬಿಟ್ಟರು, ಆಗ ರೀಚ್ ಗೆರೆ ಎಲ್ಲಿತ್ತು ಎಲ್ಲ ಕಣ್ಣೆದುರಿಗೆ ಬರುತ್ತದೆ. ಬ್ರಿಟನ್ನಿನ ಇಂಟರ್‌ಕ್ಲಬ್ ಲೀಗಿನಲ್ಲಿ ಹೊಸಬರಿಗೇ ಪ್ರತ್ಯೇಕ ದರ್ಜೆ ಇದೆ. ಮೊದಲ ಸ್ಪರ್ಧೆಗೆ ಅದಕ್ಕಿಂತ ಮೆತ್ತನೆಯ ನೆಲ ಸಿಗುವುದು ಕಷ್ಟ. ಓದಲು ಅಥವಾ ಕೆಲಸಕ್ಕೆಂದು ಬ್ರಿಟನ್, ಜರ್ಮನಿಗೆ ಹೋಗಿ ಅಲ್ಲಿ ಗ್ಲೈಡಿಂಗ್ ಹಿಡಿದಿರುವ ಕನ್ನಡಿಗರು ಕ್ಲಬ್ಬಿನಲ್ಲಿ ವಿಚಾರಿಸಿ ನೋಡಿ. ಊರಿಗೆ ಬಂದಾಗ ಇದೇ ಆಟ ಬೆಂಗಳೂರಿನ ಮೇಲೆ ನಡೆಯುವುದಿಲ್ಲ: ಯಲಹಂಕ, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣ ಮೂರರ ವಾಯುಪ್ರದೇಶ ಒಂದರ ಪಕ್ಕ ಒಂದು ಒತ್ತಿಕೊಂಡಿದೆ.

ದುಡ್ಡು ಕೊಟ್ಟು ಕೊಳ್ಳಬೇಕೆನ್ನುವವರಿಗೆ ಸೀಯು ನ್ಯಾವಿಗೇಟರ್ ಇದೆ, ನೋಟ ಚೆಂದ, ಕಲಿಕೆ ಸುಲಭ. ಇದೇ ಕುಟುಂಬದ ಎಲ್‌ಕೆ8000 ಕೂಡ ಪುಕ್ಕಟೆ, ಆದರೆ ರೂಪ ಇನ್ನೂ ಒರಟು. ರೀಚ್ ಗೆರೆ ಮತ್ತು ಎಎಟಿ ಪುಟಕ್ಕಾಗಿ ನಮ್ಮ ಓಟು ಎಕ್ಸ್‌ಸಿಸೋರ್‌ಗೇ: ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಆ ಮೆನುವಿಗೆ. ಏರ್‌ಸ್ಪೇಸ್ ಫೈಲು ಮಾತ್ರ ತಾನಾಗಿ ಹೊಸದಾಗುತ್ತದೆಂದು ನಂಬಬೇಡಿ. ವಾಯುಪ್ರದೇಶದ ಅಧಿಕೃತ ಮಾಹಿತಿ 28 ದಿನಗಳ ಚಕ್ರದಲ್ಲಿ ಬದಲಾಗುತ್ತದೆ, ಹಾರುವ ಹಿಂದಿನ ರಾತ್ರಿ ಫೈಲ್ ಮ್ಯಾನೇಜರಿನಲ್ಲಿ ತಾರೀಖು ನೋಡಿ, ಹಳೆಯದಾದರೆ ವೈಫೈ ಇರುವಾಗಲೇ ಇಳಿಸಿಕೊಳ್ಳಿ.